ಶಿವನೆಯ ಚಕ್ಕೆ

ಎಡಗೈಯಲ್ಲೊಂದು, ಬಲಗೈಯಲ್ಲೊಂದು ಮರದ ಚಕ್ಕೆ ಹಿಡಿದು, ಕಣ್ಣು ಮುಚ್ಚಿಕೊಂಡು ಷಣ್ಮುಖ ಮತ್ತೆ ಮತ್ತೆ ಮೂಸಿದ. ಒಂದು ಗಂಧ, ಇನ್ನೊಂದು ಪರಿಮಳವೇ ಇಲ್ಲದ ಶಿವನೆ. ಸಾಗರದ, ಗಂಧ ಕೆತ್ತುವ ಗುಡಿಗಾರರ ಮನೆಯಲ್ಲಿ ಹುಟ್ಟಿದವನಿಗೆ ಈಗ ಎರಡೂ ಒಂದೇ. ಕೊರೋನಾ ಬಂದು ಹಿಂದಿನ ಕೋಣೆ ಸೇರಿದ ಮೇಲೂ ಅವನು ಉಳಿ ಬಿಟ್ಟಿರಲಿಲ್ಲ. ಗಂಧದಲ್ಲಿ ಗಣಪತಿ, ಶಿವನೆಯಲ್ಲಿ ಅದಕ್ಕೊಂದು ಪೀಠ. ಕೈ ತನ್ನಷ್ಟಕ್ಕೆ ಕೆತ್ತುತ್ತಿತ್ತು.

ಹೆಂಡತಿ ಯಶೋದಾ ಬಾಗಿಲಾಚೆ ಗಂಜಿಯ ತಟ್ಟೆ ಇಟ್ಟ ಸದ್ದಾಯಿತು.

"ನಿಂಗೆ ಜ್ವರ ಗಿರ ಇಲ್ಲ ತಾನೆ?" ಎಂದು ಕೇಳಿದ.

"ನಂಗೆಂತ ಆಗ್ತದೆ? ಆರಾಮಿದೀನಿ."

"ಹಂಗಾರೆ ಈ ಗಂಧ ಮೂಸಿ ನೋಡು. ನನ್ನ ಮೂಗು ಸತ್ತೇಹೋಗಿದೆ." ಬಾಗಿಲ ಬಳಿಯ ಅರೆಗತ್ತಲಲ್ಲಿ, ಗಂಧವೆಂದು ಒಂದು ಚಕ್ಕೆಯನ್ನು ಬಾಗಿಲಡಿಯ ಸಂದಿಯಲ್ಲಿ ಆಚೆ ತಳ್ಳಿದ.

ಆಚೆ ಅವಳು ಅದನ್ನು ಎತ್ತಿಕೊಂಡು ಉಸಿರೆಳೆದದ್ದು ಕೇಳಿಸಿತು.

"ಹ್ಞೂಂ, ಘಮ್ ಅಂತದೆ. ಒಳ್ಳೇ ಗಂಧ. ನೀವು ಗಂಜಿ ಕುಡೀರಿ, ನಾನು ಅತ್ತೆಗೆ ಊಟ ಮಾಡಿಸ್ಬೇಕು."

ಬಳೆಯ ಸದ್ದು ಹಾಸಿಗೆ ಹಿಡಿದಿದ್ದ ಅವನ ತಾಯಿಯ ಕೋಣೆಯ ಕಡೆಗೆ ಹೋಯಿತು. ಷಣ್ಮುಖ ಕೈಯಲ್ಲಿ ಉಳಿದಿದ್ದ ಚಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರ ಮೈಮೇಲೆ ಗಂಧದ ಎಣ್ಣೆ ಹೊಳೆಯುತ್ತಿತ್ತು.

ಅವಳು ಮೂಸಿದ್ದು ಶಿವನೆ.