ಇವತ್ತಿನ ಮೆಸೇಜು

“ಜ್ವರ ಯಾವತ್ತು ಶುರುವಾಯ್ತು?” ಐಸಿಯು ಬಾಗಿಲಲ್ಲಿ ನಿಂತು ಡಾಕ್ಟರು ಕೇಳಿದರು. ಜೀವನ್ ಬಾಯಿ ತೆರೆಯುವ ಮೊದಲೇ, ಕೊಪ್ಪಳದಿಂದ ಬಂದು ಬಸ್ಸಿಳಿದು ನೇರ ವಿಜಯನಗರದ ಈ ಆಸ್ಪತ್ರೆಗೆ ಓಡಿಬಂದಿದ್ದ ಹಾಲವ್ವ ಹೇಳಿದಳು: “ಜ್ವರ ಇರಲೇ ಇಲ್ರಿ ಸಾಹೇಬ್ರ. ನಿನ್ನಿ ತನಕ ಅರಾಮ ಇದ್ದ ನನ್ನ ಮಗ ಅರುಣ. ಕಾಲೇಜಿನವ್ರು ದಿನಾ ಮೆಸೇಜ್ ಕಳಸ್ತಾರಲ್ಲ, ಬಾಜೂ ಮನಿ ಹುಡುಗಿ ಓದಿ ಹೇಳ್ತಿದ್ಲು.”

ಜೀವನ್ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ. ಜ್ವರ ಇದೆಯೇ, ಕೆಮ್ಮು ಇದೆಯೇ ಎಂದು ಕಾಲೇಜು ದಿನಾ ಬೆಳಿಗ್ಗೆ ಫೋನಿನಲ್ಲಿ ಕಳಿಸುವ ಫಾರಂ ಅನ್ನು, ಮಾರೇನಹಳ್ಳಿಯ ಪಿಜಿಯಲ್ಲಿ ತನ್ನ ರೂಮಿನ ನಾಲ್ವರ ಪರವಾಗಿಯೂ ತುಂಬುತ್ತಿದ್ದವನು ಅವನೇ. ಹಲ್ಲುಜ್ಜುತ್ತಲೇ ಎಲ್ಲದಕ್ಕೂ ‘ಇಲ್ಲ’ ಒತ್ತಿಬಿಡುತ್ತಿದ್ದ; ಅದರ ಮೇಲೆ ಅವರವರ ಮನೆಗೆ ಮೆಸೇಜು ತಾನಾಗಿಯೇ ಹೋಗುತ್ತಿತ್ತು. ಆರು ದಿನದ ಹಿಂದೆ ಅರುಣನ ಮೈ ಕೆಂಡದಂತೆ ಸುಡುತ್ತಿದ್ದಾಗಲೂ ಅಷ್ಟೇ. “ಇಲ್ಲ ಅಂತನ ಹಾಕಲೇ, ಇಲ್ಲಂದ್ರ ಎಕ್ಸಾಮಿಗೆ ಬಿಡಂಗಿಲ್ಲ,” ಎಂದು ಅರುಣನೇ ಹೇಳಿದ್ದ.

“ಸಾರ್, ಅದು...” ಎಂದು ಜೀವನ್ ತೊದಲುವಷ್ಟರಲ್ಲಿ ಹಾಲವ್ವನ ಕೈಯಲ್ಲಿದ್ದ ಫೋನು ಸದ್ದು ಮಾಡಿತು. “ನೋಡ್ರಿ, ಇವತ್ತಿಂದೂ ಬಂತು,” ಎಂದು ಅವಳು ಅದನ್ನು ಜೀವನ್ ಮುಂದೆ ಹಿಡಿದಳು.

‘ನಿಮ್ಮ ಮಗ ಅರುಣ ಇಂದು ಆರೋಗ್ಯವಾಗಿದ್ದಾನೆ.’

ಬೆಳಿಗ್ಗೆ ಇಲ್ಲಿಗೆ ಬರುವಾಗ, ಆಟೋದಲ್ಲಿ ಕೂತು, ಅಭ್ಯಾಸಬಲದಿಂದ ನಾಲ್ಕೂ ಫಾರಂ ತುಂಬಿದ್ದು ಜೀವನ್‌ಗೆ ಆಗ ನೆನಪಾಯಿತು.

“ಜೋರಾಗಿ ಓದಪಾ,” ಎಂದಳು ಹಾಲವ್ವ, “ಡಾಕ್ಟರಿಗೂ ಕೇಳಲಿ.”