ಫಕೀರವ್ವನ ಚಟ್ನಿ

ಶೇಂಗಾ ತಿಂದರೆ ಊರಿಗೆ ಊರೇ ಗಂಟಲು ಬಿಗಿದು ಬೀಳುವಂತಾದ ಮೇಲೆ ಕಾನೂನು ಬಂತು: ಶೇಂಗಾ ಬಡಿಸುವವರು ಮದ್ದಿನ ಸೂಜಿ ಹಿಡಿದು ಪಕ್ಕದಲ್ಲೇ ನಿಲ್ಲಬೇಕು. ಜನ ಮಾತ್ರ ಶೇಂಗಾ ಚಟ್ನಿ ಬಿಡಲಿಲ್ಲ. ಹೀಗಾಗಿ ಖಾನಾವಳಿಯ ಫಕೀರವ್ವ ದಿನವಿಡೀ ರೊಟ್ಟಿ ಬಡಿಯುತ್ತಾಳೆ, ಚಟ್ನಿ ಬಡಿಸುತ್ತಾಳೆ, ತುಟಿ ಊದಿದವರ ತೊಡೆಗೆ ಸೂಜಿ ಚುಚ್ಚಿ, ಕೈ ತೊಳೆದು ಮತ್ತೆ ರೊಟ್ಟಿಗೆ ಕೂಡುತ್ತಾಳೆ.

ಇಂದು ಕೊನೆಗೆ ಉಳಿದವರು ಸಾಲಿಯ ಕಲ್ಲಪ್ಪ ಮಾಸ್ತರರು. ಚುಚ್ಚಿಸಿಕೊಂಡು ಉಸಿರು ತಿರುಗಿದ ಮೇಲೆ, ಗೋಡೆಗೊರಗಿ ಕುಸಿದು ಕೂತ ಫಕೀರವ್ವನನ್ನು ಕೇಳಿದರು: "ನಿನ್ನ ಚಟ್ನಿ ನೀನ ತಿಂದು ಎಷ್ಟು ವರ್ಷಾತವ್ವ?"

"ನಾ ತಿಂದ್ರ ನನಗ ಚುಚ್ಚಾವ್ರು ಯಾರ್ರೀ ಸರ?"

ಮಾಸ್ತರರು ಹೊಸ ಸೂಜಿಯ ಮುಚ್ಚಳ ತೆಗೆದರು. "ತಿನ್ನು. ಸಾಲ್ಯಾಗ ಹುಡುಗ್ರಿಗೆ ಚುಚ್ಚಿ ಚುಚ್ಚಿ ಕೈ ಪಳಗೇತಿ."

ಫಕೀರವ್ವ ರೊಟ್ಟಿಗೆ ಚಟ್ನಿ ಹಚ್ಚಿ ಬಾಯಿಗಿಟ್ಟಳು. ನಿಧಾನಕ್ಕೆ ಅಗಿದಳು. ಗಂಟಲು ಬಿಗಿಯತೊಡಗಿದರೂ ಕೈ ಅಡ್ಡ ಹಿಡಿದು ಸೂಜಿ ತಡೆದಳು.

"ಉಪ್ಪ ಇಲ್ಲಲ್ರೀ ಇದ್ರಾಗ! ಇಷ್ಟ್ ವರ್ಷ ಒಬ್ರರ ಯಾಕ ಹೇಳ್ಲಿಲ್ಲ?"

ಮಾಸ್ತರರು ತಲೆ ತಗ್ಗಿಸಿದರು.

"ಸೂಜಿ ನಿನ್ನ ಕೈಯಾಗ ಇತ್ತಲ್ಲವ್ವ."