ಪುಡಿ ತಿಂದ ಮರಿಗಳು

ಡಾಕ್ಟರಬಾಯಿ ಬಣ್ಣದ ಬಾಟಲಿ ತರಲು ಜೀಪಿನ ಕಡೆ ತಿರುಗಿದ್ದೇ ತಡ, ಹೊನ್ನವ್ವ ಎಡಗಡೆಯ ಗೂಡಿನಿಂದ ಬಿಳಿ ಹಣೆಯ ಹಂದಿಮರಿಯನ್ನೆತ್ತಿ ಬಲಗಡೆಯ ಗೂಡಿಗೆ ಹಾಕಿದಳು. ಅಲ್ಲಿಂದ ಕೈಗೆ ಸಿಕ್ಕ ಇನ್ನೊಂದನ್ನು ಎಡಗಡೆಗೆ ದಾಟಿಸಿದಳು. ಲೆಕ್ಕ ಸರಿಹೋಯಿತು. ಕಳ್ಳತನಕ್ಕೆ ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ.

ಮಗಳು ನಿಂಬೆವ್ವ ಹೋದಾಗಿನಿಂದ ಆ ಎದೆ ಹಾಗೆಯೇ. ವಾಂತಿಭೇದಿ, ಬಸವನ ಬಾಗೇವಾಡಿಯ ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಹೊನ್ನವ್ವ ಅಳಲಿಲ್ಲ. ಮನಗೂಳಿಯ ಹೆಂಗಸರು ಕಲ್ಲೆದೆಯವಳು ಎಂದರು. ಅನ್ನುವವರ ಬಾಯಿಗೆ ಬೀಗ ಹಾಕಲಾದೀತೇ? ಬಂದವರಿಗೆ ಚಹಾ ಕೊಟ್ಟಳು, ಹಂದಿಗಳಿಗೆ ಮುಸುರೆ ಹಾಕಿದಳು. ಬಿಳಿ ಹಣೆಯ ಮರಿ ಸಾಯಬಾರದು ಎಂಬುದೊಂದೇ ಆಸೆ ಅವಳಲ್ಲಿ ಉಳಿದಿತ್ತು. ತಾಯಿ ಒದ್ದು ದೂಡಿದ ಆ ಬಡಕಲನ್ನು ಬಾಟಲಿ ಹಾಲು ಕುಡಿಸಿ ಬದುಕಿಸಿದವಳು ನಿಂಬೆವ್ವ.

ಮೊಲೆ ಬಿಡಿಸಿದ ಮರಿಗಳಿಗೆ ಪ್ರತಿಸಲವೂ ಭೇದಿ ಹತ್ತುತ್ತಿತ್ತು, ಎಷ್ಟೋ ಸಾಯುತ್ತಿದ್ದವು. ಪಶುವೈದ್ಯ ಕಾಲೇಜಿನ ಡಾಕ್ಟರ್ ವಿದ್ಯಾವತಿ ಬಂದದ್ದು ಅದಕ್ಕೇ.

“ಇದು ಸಮುದ್ರದ ಪಾಚಿಯಿಂದ ತಗದ ಪುಡಿ,” ಎಂದಿದ್ದರು. “ಸಕ್ಕರಿ ಜಾತಿದು, ಆದ್ರ ಸಿಹಿ ಇರೂದಿಲ್ಲ. ಕರಳಿಗಿ ಕಾವಲಿದ್ದಂಗ. ಬಲಕಿನ ಗೂಡಿಗಿ ಅಷ್ಟ ಹಾಕ್ರಿ. ಅವು ನಮ್ಮವು, ಎಡಕಿನವು ನಿಮ್ಮವು. ನಿಮ್ಮ ಯಜಮಾನರ ಕೂಡ ಎಲ್ಲಾ ಮಾತಾಡೇನಿ.”

ಯಜಮಾನ ಅಮೋಘಸಿದ್ಧ ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಮಗಳು ಹೋದ ಮೇಲೆ ಗಂಡಹೆಂಡಿರ ನಡುವೆ ಮಾತೇ ಉಳಿದಿರಲಿಲ್ಲ. ಸಮುದ್ರದ ಪಾಚಿ ಹೊನ್ನವ್ವನಿಗೇನು ಗೊತ್ತು, ಆಲಮಟ್ಟಿಯ ಹಿನ್ನೀರಿಗಿಂತ ದೊಡ್ಡ ನೀರನ್ನು ಅವಳು ಕಂಡವಳಲ್ಲ. ಆದರೂ ಡಾಕ್ಟರು ತಮ್ಮವು ಎಂದ ಮೇಲೆ ಸಾಯಗೊಡುವುದುಂಟೇ ಎಂಬಷ್ಟು ಬುದ್ಧಿ ಅವಳಿಗಿತ್ತು.

ವಿದ್ಯಾವತಿ ತಿರುಗಿ ಬಂದು ಬಲಗಡೆಯ ಮರಿಗಳ ಕಿವಿಗೆ ನೇರಳೆ ಬಣ್ಣ ಹಚ್ಚತೊಡಗಿದರು. ಬಿಳಿ ಹಣೆಯದರ ಹತ್ತಿರ ಕೈ ತಡೆಯಿತು.

“ಇದು ಆ ಕಡೆ ಇತ್ತಲ್ಲ?”

“ಇಲ್ರಿ. ಇಲ್ಲೇ ಇತ್ರಿ.”

ವಿದ್ಯಾವತಿ ಅವಳ ಮುಖ ನೋಡಿದರು. “ಈ ಕಡಿಗೇ ಇರ್ಲಿ ಅಂತೀರಿ?”

“ಹೌದ್ರಿ.”

ಕಿವಿಗೆ ಬಣ್ಣ ಬಿತ್ತು.

ವಾರ ಕಳೆಯುವುದರೊಳಗೆ ಎಡಗಡೆಯ ಗೂಡಿಗೆ ಭೇದಿ ಬಂತು. ಎರಡು ಮರಿ ಸತ್ತವು. ವಿದ್ಯಾವತಿ ಅವನ್ನು ಅಲ್ಲೇ ಕೊಯ್ದು ಕರುಳಿನ ತುಂಡುಗಳನ್ನು ಡಬ್ಬಿಗೆ ಹಾಕಿಕೊಂಡು ಹೋದರು. ಹೊನ್ನವ್ವ ನೀರು ಸುರಿದು ನೆಲ ತೊಳೆದಳು. ಉಳಿದವು ಹೇಗೋ ಚೇತರಿಸಿಕೊಂಡವು. ಬಲಗಡೆ ಒಂದಕ್ಕೂ ಏನೂ ಆಗಲಿಲ್ಲ. ಬಿಳಿ ಹಣೆಯದಂತೂ ಗುಂಡಗಾಗಿ, ಅವಳು ಬಂದರೆ ಸೆರಗು ಜಗ್ಗುವಷ್ಟು ಸಲಿಗೆ ಬೆಳೆಸಿತು. ಒಂದು ಮುಂಜಾನೆ ಹೊನ್ನವ್ವನಿಗೆ ಹಸಿವಾಯಿತು. ರೊಟ್ಟಿಯ ರುಚಿ ತಿಳಿಯಿತು. ತನಗೇ ನಾಚಿಕೆಯಾಗಿ ಅರ್ಧಕ್ಕೇ ಎದ್ದಳು.

ತಿಂಗಳು ತುಂಬಿದಾಗ ಜೀಪು ಮತ್ತೆ ಬಂತು. ಡ್ರೈವರ್ ಖಲೀಲ ಹಿಂದಿನ ಬಾಗಿಲು ತೆರೆದ. ವಿದ್ಯಾವತಿ ಗೂಡಿನೊಳಗೆ ಬಗ್ಗಿ ನೋಡಿ ಖುಷಿಪಟ್ಟರು.

“ಇದರಾಗ ಎಲ್ಲಾಕಿಂತ ಚಲೋ ಬೆಳದದ್ದು ಯಾವುದ್ರಿ?”

ಹೊನ್ನವ್ವ ಕರೆಯುವ ಮೊದಲೇ ಅದು ಓಡಿ ಬಂತು. ಎತ್ತಿ, ಮೈ ಒರೆಸಿ, ಮನೆಯ ಕೂಸನ್ನು ತೋರಿಸುವಂತೆ ಡಾಕ್ಟರಬಾಯಿಯ ಕೈಗಿತ್ತಳು. ಅವಳ ತುಟಿಯಲ್ಲಿ ಸಣ್ಣ ನಗೆಯಿತ್ತು. ವಿದ್ಯಾವತಿ ಅದನ್ನು ಖಲೀಲನಿಗೆ ದಾಟಿಸಿದರು. ಅವನು ಜೀಪಿನೊಳಗಿನ ಪಂಜರಕ್ಕೆ ಹಾಕಿ ಚಿಲಕ ಜಡಿದ.

“ಎಲ್ಲಿಗ್ರಿ?” ಎಂದಳು ಹೊನ್ನವ್ವ.

“ಕಾಲೇಜಿಗ್ರಿ. ಪುಡಿ ತಿಂದ ಕರಳು ಹೆಂಗೈತಿ ಅಂತ ಇವನ್ನೂ ಕೊಯ್ದು ನೋಡಬೇಕಲ್ರಿ,” ಎಂದರು ವಿದ್ಯಾವತಿ, ಮುಂದಿನ ಮರಿಗೆ ಕೈ ಚಾಚುತ್ತ. “ಎಡಕಿನವನ್ನ ನೀವ ಸಾಕ್ಕೊಳ್ರಿ.”